ಭದ್ರಾವತಿಯ ಕುಲುಮೆ ಮತ್ತು ವಿಶ್ವೇಶ್ವರಯ್ಯನವರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಸೆಪ್ಟೆಂಬರ್ 15 ಬಂದಿತೆಂದರೆ ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಆ ಭಾಷಣಗಳಲ್ಲಿ ಮೊದಲು ಬರುವುದು ಕನ್ನಂಬಾಡಿ ಕಟ್ಟೆ. ಅದು ಮುಗಿದರೆ ಎರಡು ಮೇಣದ ಬತ್ತಿಗಳ ಕಥೆ. ಅದೂ ಮುಗಿದರೆ ರೈಲಿನ ಹಳಿಯ ಸದ್ದಿನ ಕಥೆ. ಇವನ್ನು ವಾಚಕರು ಪ್ರಾಥಮಿಕ ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದಾರೆ. ಅವುಗಳನ್ನು ಮತ್ತೊಮ್ಮೆ ಹೇಳಿ ಪುಟ ತುಂಬಿಸುವ ಇಚ್ಛೆ ನನಗಿಲ್ಲ. ನೀರಿನ ಕೆಲಸದಲ್ಲಿ ವಿಶ್ವೇಶ್ವರಯ್ಯನವರು ಹೋದಲ್ಲೆಲ್ಲ ಗೆದ್ದರು. ಕಬ್ಬಿಣದ ಕೆಲಸದಲ್ಲಿ ಹಾಗಲ್ಲ. ಅಲ್ಲಿ ಅವರು ಹೆಣಗಿದರು, ಟೀಕೆಗೆ ಗುರಿಯಾದರು, ಅರವತ್ತು ದಾಟಿದ ಮೇಲೆ ಹೊಸದಾಗಿ ಕಲಿಯಬೇಕಾಯಿತು. ಗೆದ್ದ ಕಥೆಗಿಂತ ಈ ಹೆಣಗಿದ ಕಥೆಯೇ ವಿದ್ಯಾರ್ಥಿಗಳಾದ ನಮಗೆ ಹತ್ತಿರವಾದುದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮಸ್ಕಿಯವರಿಗೆ ಭದ್ರಾವತಿಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಊರಿನ ಗುಡ್ಡದಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಗಣಿ ಇಂಜಿನಿಯರು. ಅವನು ಹುಡುಕುತ್ತಿದ್ದುದು ಅಶೋಕನನ್ನಲ್ಲ, ಚಿನ್ನವನ್ನು. ನಿಜಾಮರ ಸೀಮೆಯಲ್ಲಿ ಹೀಗೆ ಒಬ್ಬನು ಚಿನ್ನ ಹುಡುಕುತ್ತಿದ್ದ ಕಾಲದಲ್ಲೇ, ತುಂಗಭದ್ರೆಯ ಆಚೆ ಮೈಸೂರು ಸೀಮೆಯಲ್ಲಿ ದಿವಾನರೊಬ್ಬರು ಕಬ್ಬಿಣದ ಲೆಕ್ಕ ಹಾಕುತ್ತಿದ್ದರು. ಕಬ್ಬಿಣ ನಮಗೂ ಹೊಸದಲ್ಲ. 1954ರಲ್ಲಿ ಥಾಪರ್ ಅವರು ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ, ಬೃಹತ್ ಶಿಲಾ ಸಮಾಧಿಗಳ ಕಾಲದ ಪದರದಲ್ಲಿ ಕಬ್ಬಿಣದ ವಸ್ತುಗಳು ದೊರೆತವು. ಅಶೋಕನು ಹುಟ್ಟುವ ಮೊದಲೇ ಈ ನೆಲದ ಜನ ಕಬ್ಬಿಣವನ್ನು ಬಲ್ಲವರಾಗಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಹ ಹಳ್ಳಿ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಆಮೇಲೆ ವಿಲಾಯಿತಿಯ ಅಗ್ಗದ ಕಬ್ಬಿಣ ಬಂದಿತು, ಆ ಕುಲುಮೆಗಳು ಆರಿದವು. ಹೀಗೆ ಆರಿಹೋದ ಬೆಂಕಿಯನ್ನು ಶಾಸ್ತ್ರೀಯ ರೀತಿಯಲ್ಲಿ ಪುನಃ ಹೊತ್ತಿಸಲು ಹೊರಟವರು ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡು ಬೆಂಗಳೂರಿಗೆ ಸೋದರಮಾವನ ಆಸರೆಗೆ ಬಂದರು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚನ್ನು ತಾವೇ ಸಂಪಾದಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಹೌದು, ನಮ್ಮಂತೆಯೇ ಬಿ.ಎ.! ಈ ಸಂಗತಿಯನ್ನು ನಮ್ಮ ಗೆಳೆಯರಲ್ಲಿ ಅನೇಕರು ನಂಬುವುದಿಲ್ಲ. ಇಂಜಿನಿಯರಿಂಗ್ ಓದಿದ್ದು ಆಮೇಲೆ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾದರು.

ಮುಂಬಯಿ ಇಲಾಖೆಯ ಸುಮಾರು ಇಪ್ಪತ್ತನಾಲ್ಕು ವರ್ಷಗಳ ಕೆಲಸವನ್ನು ನಾನಿಲ್ಲಿ ವಿವರಿಸುವುದಿಲ್ಲ. ಎರಡು ನಿದರ್ಶನಗಳು ಸಾಕು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರು ನೀರನ್ನು ಶುದ್ಧಮಾಡಿ ಕೊಡಬೇಕಾಗಿತ್ತು; ಶೋಧಕ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳಿನ ಮೂಲಕ ಬಸಿದು ಬಂದ ನೀರು ತಾನಾಗಿ ತಿಳಿಯಾಯಿತು. ಪುಣೆಯ ಬಳಿಯ ಖಡಕ್‌ವಾಸ್ಲಾ ಕೆರೆಗೆ ಹೆಚ್ಚು ನೀರು ಬೇಕಾಗಿತ್ತು. ಕಟ್ಟೆಯನ್ನು ಎತ್ತರಿಸುವ ಬದಲು ಕೋಡಿಯ ಮೇಲೆ ತಾವೇ ತೆರೆದುಕೊಂಡು ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಹಾಕಿಸಿದರು. ಇವೆರಡರಲ್ಲೂ ಅವರ ಬುದ್ಧಿಯ ರೀತಿ ಒಂದೇ. ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ಅಳೆದು ನೋಡುವುದು. ಇದ್ದುದರಿಂದಲೇ ಕೆಲಸ ಸಾಗುವುದೇ ಎಂದು ಪರೀಕ್ಷಿಸುವುದು. ಆಮೇಲೆ ಖರ್ಚಿನ ಮಾತು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹುಚ್ಚೆದ್ದು ಹೈದರಾಬಾದ್ ನಗರವನ್ನು ಕೊಚ್ಚಿತು. ಆಗಷ್ಟೆ ಮುಂಬಯಿ ಸೇವೆಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. ನಮ್ಮ ರಾಯಚೂರು ಜಿಲ್ಲೆಯೂ ಆಗ ಅದೇ ಸರ್ಕಾರದ ಆಳ್ವಿಕೆಯಲ್ಲಿತ್ತು. ನಗರದ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಕೊಟ್ಟ ಸಲಹೆಯ ಫಲವೇ ಮುಂದೆ ಕಟ್ಟಲ್ಪಟ್ಟ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು. ನಮ್ಮ ಭಾಗದಲ್ಲಿ ಕೆಲವರು ತುಂಗಭದ್ರಾ ಅಣೆಕಟ್ಟನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದರೆಂದು ಹೇಳುತ್ತಾರೆ. ಅದು ಸರಿಯಲ್ಲ. ದೊಡ್ಡವರ ಲೆಕ್ಕಕ್ಕೆ ಎಲ್ಲವನ್ನೂ ಬರೆಯುವುದು ನಮ್ಮ ಜನರ ಪ್ರೀತಿಯ ಒಂದು ಬಗೆಯಷ್ಟೆ.

1909ರ ಕೊನೆಯಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆರು ವರ್ಷಗಳ ಆ ದಿವಾನಗಿರಿಯಲ್ಲಿ ಆದ ಕೆಲಸಗಳ ಪಟ್ಟಿ ದೊಡ್ಡದು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ನನ್ನ ವಿಷಯಕ್ಕೆ ಬೇಕಾದುದು ಇವುಗಳಲ್ಲಿ ಯಾವುದೂ ಅಲ್ಲ; ಬೇಕಾದುದು ಶ್ರೀಗಂಧದ ಎಣ್ಣೆ. ಕಬ್ಬಿಣದ ಮಾತಿನಲ್ಲಿ ಗಂಧವೆಲ್ಲಿಂದ ಬಂದಿತೆಂದು ವಾಚಕರು ಆಶ್ಚರ್ಯಪಡಬಾರದು.

ಮೈಸೂರಿನ ಗಂಧದ ಮರ ಬಹುಪಾಲು ಹೋಗುತ್ತಿದ್ದುದು ಜರ್ಮನಿಗೆ. ಎಣ್ಣೆ ತೆಗೆಯುವ ವಿದ್ಯೆ ಅವರದು, ಲಾಭವೂ ಅವರದು. 1914ರಲ್ಲಿ ಮಹಾಯುದ್ಧ ಪ್ರಾರಂಭವಾದ ಕೂಡಲೆ ಆ ವ್ಯಾಪಾರ ನಿಂತುಹೋಗಿ ಮರ ಉಗ್ರಾಣಗಳಲ್ಲಿ ಉಳಿಯಿತು. ಆಗ ಮೈಸೂರಿನ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚಾಟರ್‌ಟನ್ನರ ಮುತುವರ್ಜಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿಯಿಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯೇ ಶುರುವಾಯಿತು. ಆ ವಿಜ್ಞಾನ ಸಂಸ್ಥೆ ಜಮ್ಷೆಟ್‌ಜಿ ಟಾಟಾರವರ ಕನಸಿನ ಕೂಸು. ಮೈಸೂರು ಸರ್ಕಾರ ಅದಕ್ಕೆ 371 ಎಕರೆ ಭೂಮಿಯನ್ನು ಕೊಟ್ಟಿತ್ತು. ಪಾಠಗಳು ಪ್ರಾರಂಭವಾದದ್ದು 1911ರಲ್ಲಿ. ಐದೇ ವರ್ಷಗಳಲ್ಲಿ ಪ್ರಯೋಗಶಾಲೆಯ ಗಾಜಿನ ಬುರುಡೆಯಿಂದ ಹೊರಟ ವಿದ್ಯೆ ರಾಜ್ಯದ ಬೊಕ್ಕಸಕ್ಕೆ ಹಣ ತಂದಿತು. ಪ್ರಯೋಗಶಾಲೆಯೂ ಕಾರ್ಖಾನೆಯೂ ಕೈಹಿಡಿದರೆ ಏನಾಗಬಲ್ಲದೆಂಬುದು ದಿವಾನರ ಕಣ್ಣೆದುರಿಗೇ ಸಿದ್ಧವಾಯಿತು. ಆದರೆ ಗಂಧ ನಮ್ಮಲ್ಲಿ ಹೇರಳವಾಗಿ ಬೆಳೆಯುವ ಮರ, ಪೈಪೋಟಿ ಕಡಿಮೆ. ಕಬ್ಬಿಣದ ಹಾದಿ ಇಷ್ಟು ಸಲೀಸಾಗಿರಲಿಲ್ಲ.

ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇದೆಯೆಂಬುದನ್ನು ಡಾ. ಸ್ಮೀತ್ ಅವರ ಕೈಕೆಳಗಿನ ಮೈಸೂರು ಭೂಗರ್ಭ ಇಲಾಖೆ ಪರಿಶೋಧಿಸಿತ್ತು. ಊರ ಹೆಸರೇ ಹೇಳುವಂತೆ ಅಲ್ಲಿಯ ಮಣ್ಣೆಲ್ಲ ಕೆಂಪು. ಆದರೆ ಅದಿರಿದ್ದ ಮಾತ್ರಕ್ಕೆ ಕಬ್ಬಿಣ ಬರುವುದಿಲ್ಲ. ನಮ್ಮ ನೆರೆಯ ಹಟ್ಟಿಯ ಚಿನ್ನದ ಗಣಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ; ಆ ಗ್ರಾಂ ಎಷ್ಟೆಂದು ಪರೀಕ್ಷಾಲಯ ಹೇಳಿದ ಮೇಲೆಯೇ ತೋಡುವುದು ಲಾಭವೋ ನಷ್ಟವೋ ಗೊತ್ತಾಗುವುದು. ಕಬ್ಬಿಣದ ಅದಿರಿನಲ್ಲಿ ಲೋಹ ಧಾರಾಳವಾಗಿದ್ದರೂ ಅದು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಅದನ್ನು ಬಿಡಿಸಲು ಇಂಗಾಲ ಬೇಕು, ಅಪಾರವಾದ ಶಾಖ ಬೇಕು, ಕಲ್ಮಷವನ್ನು ಹೀರಲು ಸುಣ್ಣದ ಕಲ್ಲು ಬೇಕು. ಬಿಹಾರದಲ್ಲಿ ಟಾಟಾರವರ ಕಾರ್ಖಾನೆಗೆ ಕಲ್ಲಿದ್ದಲು ಹತ್ತಿರದಲ್ಲೇ ಇತ್ತು. ಮೈಸೂರಿನಲ್ಲಿ ಕಲ್ಲಿದ್ದಲಿನ ಒಂದು ತುಣುಕೂ ಇಲ್ಲ. ಇದ್ದುದು ಮಲೆನಾಡಿನ ಕಾಡು.

ಕಾಡಿನ ಸೌದೆಯಿಂದ ಇದ್ದಿಲು ಮಾಡಿ ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು. ಇದು ನಮ್ಮ ಹಳ್ಳಿಯ ಕಮ್ಮಾರರ ಹಳೆಯ ವಿದ್ಯೆಯೇ. ಹೊಸದೆಂದರೆ ಅದರ ರೀತಿ. ಸೌದೆಯನ್ನು ಬಯಲಿನಲ್ಲಿ ಸುಟ್ಟರೆ ಹೊಗೆಯೊಡನೆ ಬಹಳ ಪದಾರ್ಥ ಗಾಳಿಗೆ ಹೋಗುತ್ತದೆ. ಗಾಳಿ ಹೋಗದಂತೆ ಮುಚ್ಚಿದ ಉಕ್ಕಿನ ಕೋಣೆಗಳಲ್ಲಿ ಕಾಯಿಸಿದರೆ ಇದ್ದಿಲೂ ಉಳಿಯುತ್ತದೆ. ಆ ಹೊಗೆಯನ್ನು ತಣಿಸಿದರೆ ಮರದ ಸಾರಾಯಿ ಎನ್ನಿಸಿಕೊಳ್ಳುವ ಮೀಥೈಲ್ ಆಲ್ಕೋಹಾಲ್, ಸುಣ್ಣದ ಅಸಿಟೇಟ್, ಟಾರು ಮೊದಲಾದವು ದೊರೆಯುತ್ತವೆ. ಈ ಉಪವಸ್ತುಗಳನ್ನು ಮಾರಿದ ಹಣದಿಂದ ಇದ್ದಿಲಿನ ಖರ್ಚು ಇಳಿಯುತ್ತದೆ. ಇದ್ದಿಲು ಅಗ್ಗವಾದರೆ ಕಬ್ಬಿಣ ಅಗ್ಗವಾಗುತ್ತದೆ. ಲೆಕ್ಕ ಇಷ್ಟೆ. ಇದ್ದಿಲಿನಲ್ಲಿ ಗಂಧಕವಿಲ್ಲದಿರುವುದರಿಂದ ಕಬ್ಬಿಣದ ಗುಣವೂ ಉತ್ತಮ. ಗಂಧಕ ಬೆರೆತ ಕಬ್ಬಿಣ ಕಾಯಿಸಿ ಬಡಿಯುವಾಗ ಬಿರಿಯುತ್ತದೆ, ರಂಜಕ ಬೆರೆತದ್ದು ತಣ್ಣಗಾದ ಮೇಲೆ ಮುರಿಯುತ್ತದೆ. ಟಾಟಾ ಕಾರ್ಖಾನೆಯ ಕೆಲಸದಲ್ಲಿ ಅನುಭವ ಪಡೆದಿದ್ದ ನ್ಯೂಯಾರ್ಕಿನ ಪೆರಿನ್ ಎಂಬ ತಜ್ಞರ ಸಲಹೆಯನ್ನು ಪಡೆದು, ಭದ್ರಾ ನದಿಯ ದಡದಲ್ಲಿದ್ದ ಬೆಂಕಿಪುರವನ್ನು ಆರಿಸಿಕೊಂಡು 1918ರಲ್ಲಿ ಕೆಲಸವನ್ನು ಪ್ರಾರಂಭಿಸಲಾಯಿತು. ಬೆಂಕಿಪುರವೆಂಬುದು ಇಂದಿನ ಭದ್ರಾವತಿಯ ಹಳೆಯ ಹೆಸರು. ಕಬ್ಬಿಣದ ಊರಿಗೆ ಅದಕ್ಕಿಂತ ತಕ್ಕ ಹೆಸರನ್ನು ಯಾರಾದರೂ ಹುಡುಕಿಯಾರೆ?

ಕೆಲಸ ಪ್ರಾರಂಭವಾದ ವರ್ಷದ ಕೊನೆಗೇ ವಿಶ್ವೇಶ್ವರಯ್ಯನವರು ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಈ ಸಂಗತಿಯನ್ನು ಜಯಂತಿಯ ಭಾಷಣಗಳಲ್ಲಿ ಸಾಮಾನ್ಯವಾಗಿ ದಾಟಿಬಿಡುತ್ತಾರೆ, ನಾನು ದಾಟಲಾರೆ. ಸರ್ಕಾರದ ನೌಕರಿಗಳಲ್ಲಿ ಬ್ರಾಹ್ಮಣೇತರ ಹಿಂದುಳಿದ ಜಾತಿಗಳವರಿಗೆ ತಕ್ಕ ಪಾಲು ದೊರಕಿಸುವ ವಿಷಯವನ್ನು ವಿಚಾರಿಸಲು ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೊಂದೇ ನೌಕರಿಗೆ ಅಳತೆಯಾಗಬೇಕೆಂದೂ, ಹಿಂದುಳಿದವರಿಗೆ ವಿದ್ಯೆ ಕೊಟ್ಟು ಮೇಲೆ ತರಬೇಕೆಂದೂ ಅವರ ಅಭಿಪ್ರಾಯ. ಶಾಲೆಗಳನ್ನು ಹೆಚ್ಚಿಸುವುದಕ್ಕೆ ಅವರು ಪಟ್ಟ ಶ್ರಮವನ್ನು ನೋಡಿದರೆ ಆ ಮಾತು ಬರಿಯ ನೆಪವಲ್ಲವೆಂದು ಒಪ್ಪಬೇಕಾಗುತ್ತದೆ. ಆದರೂ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತದಿದ್ದ ನನ್ನಂಥವನಿಗೆ ಈ ವಿಷಯದಲ್ಲಿ ಮಹಾರಾಜರ ಪಕ್ಷವೇ ಸರಿಯೆಂದು ತೋರುತ್ತದೆ. ಶಾಲೆಯ ಬಾಗಿಲು ತೆರೆದರೆ ಸಾಲದು. ಓದಿ ಹೊರಬಂದವನಿಗೆ ಎದುರಿಗೆ ಇನ್ನೊಂದು ಬಾಗಿಲೂ ತೆರೆದಿರಬೇಕಲ್ಲವೆ? ಅದಿರನ್ನು ಅಷ್ಟು ಸೂಕ್ಷ್ಮವಾಗಿ ಅಳೆದವರು ತಲೆಮಾರುಗಳ ಬಡತನವನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಿದ್ದರೆ ಯೋಗ್ಯತೆಯ ಲೆಕ್ಕ ಬೇರೆಯಾಗುತ್ತಿತ್ತೇನೋ. ಇದನ್ನು ಅಗೌರವದಿಂದ ಬರೆಯುತ್ತಿಲ್ಲ. ಒಬ್ಬರನ್ನು ನಿಜವಾಗಿ ಗೌರವಿಸುವವರು ಅವರೊಡನೆ ಭಿನ್ನಾಭಿಪ್ರಾಯವನ್ನೂ ಹೊಂದಿರಬಹುದು.

ಅಧಿಕಾರ ಬಿಟ್ಟ ಮೇಲೆ ಅವರು ಜಪಾನ್, ಅಮೆರಿಕ, ಯೂರೋಪುಗಳನ್ನು ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಇತ್ತ ಭದ್ರಾವತಿಯ ಕೆಲಸ ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಸಿಕ್ಕಿಕೊಂಡಿತು. ವಿದೇಶದಿಂದ ಬರಬೇಕಾದ ಯಂತ್ರಗಳು ತಡವಾಗಿ ಬಂದವು, ದುಬಾರಿಯಾಗಿ ಬಂದವು. ಕೊನೆಗೆ 1923ರಲ್ಲಿ ದಿನಕ್ಕೆ ಸುಮಾರು 60 ಟನ್ ಶಕ್ತಿಯ ಊದುಕುಲುಮೆಯಿಂದ ಕಬ್ಬಿಣ ಹರಿಯಿತು. ಆದರೆ ಆ ಹೊತ್ತಿಗೆ ಲೋಕದ ಪೇಟೆಯಲ್ಲಿ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಇನ್ನೊಂದು ಪೆಟ್ಟು ಎಲ್ಲಿಂದ ಬಂದಿತೆಂಬುದು ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ. ಅದೇ 1923ರಲ್ಲಿ ಜರ್ಮನಿಯ ರಸಾಯನ ಕಾರ್ಖಾನೆಯೊಂದು ಮರದ ಗೊಡವೆಯೇ ಇಲ್ಲದೆ ಅನಿಲಗಳನ್ನು ಒತ್ತಡದಲ್ಲಿ ಕೂಡಿಸಿ ಮೀಥೈಲ್ ಆಲ್ಕೋಹಾಲನ್ನು ತಯಾರಿಸತೊಡಗಿತು. ಕೆಲವೇ ವರ್ಷಗಳಲ್ಲಿ ಲೋಕದಾದ್ಯಂತ ಮರದ ಸಾರಾಯಿಗೆ ಬೆಲೆ ಇಲ್ಲವಾಯಿತು. ಅಲ್ಲಿಯ ಪ್ರಯೋಗಶಾಲೆಯ ಒಂದು ಶೋಧ ಸಾವಿರಾರು ಮೈಲಿ ದೂರದ ಮಲೆನಾಡಿನ ಕಾರ್ಖಾನೆಯ ಲೆಕ್ಕವನ್ನು ತಲೆಕೆಳಗು ಮಾಡಿತು.

ಕಾರ್ಖಾನೆ ಬಿಳಿಯಾನೆಯಾಯಿತೆಂದು ಟೀಕೆಗಳೆದ್ದವು. ಯಾರು ಈ ಆನೆಯನ್ನು ತಂದರೋ ಅವರೇ ಅದನ್ನು ಸಾಕಲೆಂದು ಜನ ಆಡಿಕೊಂಡಿದ್ದರೂ ಆಶ್ಚರ್ಯವಿಲ್ಲ. ಮಹಾರಾಜರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಬೇಕೆಂದು ಕೇಳಿಕೊಂಡಿತು, ಅವರು ಒಪ್ಪಿಕೊಂಡರು. ದಿವಾನರಾಗಿದ್ದವರು ರಾಜ್ಯದ ಒಂದು ನಷ್ಟದ ಕಾರ್ಖಾನೆಯ ಜವಾಬ್ದಾರಿಗೆ ಇಳಿದು ಬರುವುದು ಸಣ್ಣ ಮಾತಲ್ಲ. ಆಗ ಅವರಿಗೆ ಅರವತ್ತೆರಡರ ವಯಸ್ಸು. ಅವರು ಲೋಹಶಾಸ್ತ್ರವನ್ನು ಓದಿದವರಲ್ಲ, ಕಟ್ಟಡ ಮತ್ತು ನೀರಾವರಿಯ ಇಂಜಿನಿಯರು. 1923ರಿಂದ 1929ರವರೆಗೆ ಆರು ವರ್ಷ ಆ ಹೊಣೆಯನ್ನು ಹೊತ್ತರು.

ಈ ಆರು ವರ್ಷಗಳಲ್ಲಿ ಪವಾಡವೇನೂ ನಡೆಯಲಿಲ್ಲ. ನಡೆದದ್ದೆಲ್ಲ ಬೇಸರ ಹಿಡಿಸುವಂಥ ಸಣ್ಣ ಸಣ್ಣ ಕೆಲಸ. ಸಕ್ಕರಿನಲ್ಲಿ, ಖಡಕ್‌ವಾಸ್ಲದಲ್ಲಿ ಕಂಡ ರೀತಿಯೇ ಇಲ್ಲಿಯೂ. ಎಷ್ಟು ಸೌದೆಗೆ ಎಷ್ಟು ಇದ್ದಿಲು, ಎಷ್ಟು ಇದ್ದಿಲಿಗೆ ಎಷ್ಟು ಕಬ್ಬಿಣ, ಅದಿರು ಗಿರಿಯಿಂದ ಇಳಿದು ಕುಲುಮೆಯ ಬಾಯಿಗೆ ಬರುವವರೆಗೆ ಖರ್ಚೆಷ್ಟು ಎಂಬ ಅಂಕಿಗಳಿಲ್ಲದೆ ಅವರು ಒಂದು ಹೆಜ್ಜೆಯನ್ನೂ ಇಡುವವರಲ್ಲ. ಇದ್ದಿಲು ಮೆತ್ತನೆಯ ಪದಾರ್ಥ. ಮೇಲಿಂದ ಭಾರ ಹೆಚ್ಚಾದರೆ ಪುಡಿಯಾಗಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಆದ್ದರಿಂದ ಕಲ್ಲಿದ್ದಲಿನ ಕುಲುಮೆಗಳಷ್ಟು ಎತ್ತರಕ್ಕೆ ಇದ್ದಿಲಿನ ಕುಲುಮೆಯನ್ನು ಕಟ್ಟುವಂತಿಲ್ಲ; ಹೆಚ್ಚು ಕರಗಿಸಿ ಖರ್ಚು ತಗ್ಗಿಸುವ ಸುಲಭದ ಹಾದಿ ಮುಚ್ಚಿತ್ತು. ಉಳಿದದ್ದು ಪೋಲಾಗುವುದನ್ನು ತಡೆಯುವ ಹಾದಿ. ಹೆಚ್ಚಿನ ಸಂಬಳದ ವಿದೇಶೀ ತಜ್ಞರ ಸ್ಥಾನದಲ್ಲಿ ಕ್ರಮಕ್ರಮವಾಗಿ ಮೈಸೂರಿನ ತರುಣರನ್ನೇ ತರಬೇತಿ ಕೊಟ್ಟು ನಿಲ್ಲಿಸಿದರು. ಬೀಡುಕಬ್ಬಿಣವನ್ನು ಗಟ್ಟಿಯಾಗಿಯೇ ಮಾರಿದರೆ ಬೆಲೆಯಿಲ್ಲವೆಂದು, ಊರುಗಳ ನೀರು ಸರಬರಾಜಿಗೆ ಬೇಕಾದ ಕೊಳವೆಗಳನ್ನು ಎರಕ ಹೊಯ್ಯುವ ಏರ್ಪಾಡಾಯಿತು. ಇಲ್ಲಿ ನೀರಿನ ಇಂಜಿನಿಯರಿಗೆ ಕಬ್ಬಿಣದ ದಾರಿ ಕಂಡಿತೆನ್ನಬಹುದು! ಅವರು 1929ರಲ್ಲಿ ಬಿಡುವ ಹೊತ್ತಿಗೆ ಕಾರ್ಖಾನೆ ತನ್ನ ದೈನಂದಿನ ಖರ್ಚನ್ನು ತಾನೇ ಹೊತ್ತುಕೊಳ್ಳುವ ಸ್ಥಿತಿಗೆ ಬಂದಿತ್ತು. ಹೂಡಿದ ಬಂಡವಾಳಕ್ಕೆ ತಕ್ಕ ಲಾಭ ಬಂದಿತೆಂದು ಮಾತ್ರ ಯಾರೂ ಹೇಳಲಾರರು. ಸೌದೆಗಾಗಿ ಮಲೆನಾಡಿನ ಕಾಡು ತೆತ್ತ ಬೆಲೆಯನ್ನು ಆ ಕಾಲದ ಲೆಕ್ಕದ ಪುಸ್ತಕಗಳಲ್ಲಿ ಯಾರೂ ಬರೆದಿಡಲಿಲ್ಲ. ಇಂದು ನಾವು ಬರೆಯುವುದಾದರೆ ಅದನ್ನೂ ಖರ್ಚಿನ ಕಡೆಗೆ ಬರೆಯಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಸಂಬಳದ ವಿಷಯ. ಅಧ್ಯಕ್ಷತೆಗಾಗಿ ಸರ್ಕಾರ ಗೊತ್ತುಮಾಡಿದ ಸಂಭಾವನೆಯನ್ನು ಅವರು ತೆಗೆದುಕೊಳ್ಳದೆ ಬಿಟ್ಟಿದ್ದರು. ಅದು ಸೇರಿ ಸೇರಿ ಒಂದು ಲಕ್ಷ ರೂಪಾಯಿಗೂ ಮೀರಿತು. ಆ ಕಾಲದ ಲಕ್ಷವೆಂದರೆ ಎಷ್ಟೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳಲಿ. ಆ ಹಣವನ್ನು ಹುಡುಗರಿಗೆ ಕೈಕಸುಬಿನ ತರಬೇತಿ ಕೊಡುವ ಸಂಸ್ಥೆಯೊಂದಕ್ಕೆ ಉಪಯೋಗಿಸಬೇಕೆಂದು ಅವರು ಸೂಚಿಸಿದರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್ಸ್‌ಟಿಟ್ಯೂಟ್ ಆರಂಭವಾಯಿತು. ಮುಂದೆ ಅದೇ ಸರ್ಕಾರಿ ಎಸ್.ಜೆ. ಪಾಲಿಟೆಕ್ನಿಕ್ ಆಯಿತು. ಹೆಸರು ಮಹಾರಾಜರದು, ಕೊಟ್ಟವರದಲ್ಲ. ಪದವಿಗಿಂತ ಕೆಲಸ ಗೊತ್ತಿರುವ ಕೈ ಮುಖ್ಯವೆಂಬ ಪಾಠವನ್ನು ಭದ್ರಾವತಿ ಅವರಿಗೆ ಕಲಿಸಿತ್ತೆಂದು ನನ್ನ ಊಹೆ. ವಿದೇಶದಿಂದ ಯಂತ್ರವನ್ನು ತರಿಸಬಹುದು, ತಜ್ಞನನ್ನೂ ಸ್ವಲ್ಪ ಕಾಲ ತರಿಸಬಹುದು. ಕುಲುಮೆಯ ಬಣ್ಣವನ್ನು ನೋಡಿಯೇ ಒಳಗಿನ ಸ್ಥಿತಿಯನ್ನು ಹೇಳಬಲ್ಲ ಕೆಲಸಗಾರನನ್ನು ಮಾತ್ರ ಇಲ್ಲಿಯೇ ಬೆಳೆಸಿಕೊಳ್ಳಬೇಕು.

ಭದ್ರಾವತಿಯಲ್ಲಿ ಅವರಿಗೆ ಇಲ್ಲದೆಹೋದ ಇನ್ನೊಂದು ಅನುಕೂಲವನ್ನೂ ಹೇಳಬೇಕು. ಗಂಧದೆಣ್ಣೆಗೆ ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ನೆರವಿತ್ತು. ಕಬ್ಬಿಣಕ್ಕೆ ಅಂಥ ನೆರವಿರಲಿಲ್ಲ. ಅದಿರನ್ನು ಪೃಥಕ್ಕರಿಸಿ ನೋಡಲು ರಸಾಯನಜ್ಞರಿದ್ದರು, ನಿಜ. ಆದರೆ ಉಕ್ಕಿನ ಉದ್ಯಮದ ಕಷ್ಟಗಳನ್ನೇ ಕೈಗೆತ್ತಿಕೊಂಡು ವರ್ಷಗಟ್ಟಲೆ ಶೋಧನೆ ನಡೆಸುವ ಸಂಸ್ಥೆ ಆಗ ಭಾರತದಲ್ಲೇ ಇರಲಿಲ್ಲ. ಕುಲುಮೆಯಲ್ಲಿ ಒಂದು ಬದಲಾವಣೆ ಮಾಡಿ ನೋಡಬೇಕಾದರೆ ಕಾರ್ಖಾನೆಯ ಕುಲುಮೆಯಲ್ಲೇ ಮಾಡಿ ನೋಡಬೇಕು. ಅದು ಕೆಟ್ಟರೆ ಆ ದಿನದ ಉತ್ಪತ್ತಿಯೇ ಕೆಟ್ಟಂತೆ. ಶೋಧನಾಲಯವಿದ್ದರೆ ಒಂದು ಬಂಡಿ ಅದಿರಿನ ಮೇಲೆ, ಸಣ್ಣ ಕುಲುಮೆಯಲ್ಲಿ, ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಸರಿಮಾಡಬಹುದು. ಕಾರ್ಖಾನೆಗೆ ಕೆಡಿಸುವ ಸ್ವಾತಂತ್ರ್ಯವಿಲ್ಲ, ಶೋಧನಾಲಯಕ್ಕೆ ಅದೇ ಉಸಿರು.

ವಿಶ್ವೇಶ್ವರಯ್ಯನವರು 1927ರಿಂದ 1955ರವರೆಗೆ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ನಿರ್ದೇಶಕರಲ್ಲೊಬ್ಬರಾಗಿದ್ದರು. ಆ ಅವಧಿಯಲ್ಲೇ, 1937ರಲ್ಲಿ, ಜಮ್ಷೆಡ್‌ಪುರದಲ್ಲಿ ಕಂಪನಿಯ ಸಂಶೋಧನಾಲಯ ಪ್ರಾರಂಭವಾಯಿತು. 1950ರಲ್ಲಿ ಅದೇ ಊರಿನಲ್ಲಿ ಪಂಡಿತ ನೆಹರೂರವರು ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಶಾಲೆಯನ್ನು ಉದ್ಘಾಟಿಸಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆಡಳಿತದಲ್ಲಿಯೂ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಹಲವು ವರ್ಷ ದುಡಿದರು. ಆ ಸಂಸ್ಥೆಯಲ್ಲಿ ಶುದ್ಧ ವಿಜ್ಞಾನ ಮೇಲೋ ಉದ್ಯಮಕ್ಕೆ ಒದಗುವ ವಿಜ್ಞಾನ ಮೇಲೋ ಎಂಬ ಚರ್ಚೆ ಬಹಳ ಕಾಲದಿಂದ ನಡೆದಿತ್ತು. ಅವರ ಒಲವು ಯಾವ ಕಡೆಗೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1942ರಲ್ಲಿ ಅಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗವೂ 1945ರಲ್ಲಿ ಲೋಹಶಾಸ್ತ್ರ ವಿಭಾಗವೂ ತೆರೆದವು. ಭದ್ರಾವತಿಯ ಮೊದಲ ಎರಕ ಹರಿದು ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಕಳೆದಿದ್ದವು. ಮೊದಲು ಕಾರ್ಖಾನೆ, ಆಮೇಲೆ ಅದಕ್ಕೆ ಬೇಕಾದ ವಿದ್ಯೆ. ನಮ್ಮ ದೇಶದಲ್ಲಿ ಕ್ರಮ ಹೀಗೆ ಹಿಂದುಮುಂದಾಗಿಯೇ ನಡೆಯಿತು. ಇದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ವಿದ್ಯೆ ಬರಲೆಂದು ಕಾಯುತ್ತ ಕುಳಿತಿದ್ದರೆ ಕಾರ್ಖಾನೆಯೂ ಬರುತ್ತಿರಲಿಲ್ಲ. ಕಾರ್ಖಾನೆ ಇಲ್ಲದಿದ್ದರೆ ವಿದ್ಯೆ ಬೇಕೆಂದು ಕೇಳುವವರೂ ಇರುತ್ತಿರಲಿಲ್ಲ.

ಇದು ಹಳೆಯ ಕಾಲದ ಮಾತೆಂದು ಗೆಳೆಯರು ತಿಳಿಯಬಾರದು. ನಮ್ಮ ಕಡೆಯ ಎಷ್ಟೋ ಹುಡುಗರು ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಯಲು ಹೋಗುತ್ತಾರೆ. ಹೋದವರಲ್ಲಿ ಭಾರ ಹೊರುವವರು ಹೆಚ್ಚು, ಪರೀಕ್ಷಾಲಯದ ಬಾಗಿಲು ದಾಟುವವರು ಕಡಿಮೆ. ಕಲಾ ಕಾಲೇಜಿನವರಾದ ನಮಗೆ ಆ ಬಾಗಿಲು ದೂರವೆಂದು ಹೇಳಿಬಿಡುವುದು ಸುಲಭ. ಆದರೆ ಈ ಕಥೆಯ ನಾಯಕರೂ ಬಿ.ಎ. ಮುಗಿಸಿಯೇ ಆ ಕಡೆಗೆ ತಿರುಗಿದವರು.

ವಿಶ್ವೇಶ್ವರಯ್ಯನವರ ಕೊನೆಯ ದಶಕಗಳೂ ಬಿಡುವಿಲ್ಲದೆ ಕಳೆದವು. 1934ರಲ್ಲಿ ಭಾರತಕ್ಕೆ ಯೋಜನಾಬದ್ಧ ಆರ್ಥಿಕ ವ್ಯವಸ್ಥೆ ಬೇಕೆಂಬ ಗ್ರಂಥವನ್ನು ಪ್ರಕಟಿಸಿದರು. ಮೋಟಾರು ವಾಹನಗಳ ಕಾರ್ಖಾನೆ ನಮ್ಮಲ್ಲೇ ಆಗಬೇಕೆಂದು ಶ್ರಮಿಸಿದರು; ಪರದೇಶೀ ಸರ್ಕಾರದ ಕಾಲದಲ್ಲಿ ಅದು ಕೈಗೂಡಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷಗಳನ್ನು ಪೂರೈಸಿ 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಭದ್ರಾವತಿಯ ಕಾರ್ಖಾನೆಯಲ್ಲಿ 1936ರಿಂದ ಉಕ್ಕೂ ತಯಾರಾಗತೊಡಗಿತು. 1948ರಲ್ಲಿ ಜೋಗದ ವಿದ್ಯುತ್ತು ಹುಟ್ಟಿದ ಮೇಲೆ ಇದ್ದಿಲಿನ ಕುಲುಮೆಯ ಜೊತೆಗೆ ವಿದ್ಯುತ್ ಕುಲುಮೆಗಳೂ ಬಂದವು. ಸೌದೆಯ ಹಂಗು ಮೆಲ್ಲಮೆಲ್ಲನೆ ತಪ್ಪಿತು. ಮುಂದೆ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟರು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಕೈಕೆಳಗೆ ಬಂದಿತು, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಪ್ರಾಧಿಕಾರಕ್ಕೆ ರಾಂಚಿಯಲ್ಲಿ ಉಕ್ಕಿನ ಸಂಶೋಧನೆಗೆಂದೇ ಮೀಸಲಾದ ದೊಡ್ಡ ಕೇಂದ್ರವಿದೆ. ವಿಶ್ವೇಶ್ವರಯ್ಯನವರಿಗೆ 1923ರಲ್ಲಿ ಬೇಕಾಗಿದ್ದುದು ಅಂಥದೇ. ಅದು ಭದ್ರಾವತಿಯ ಪಾಲಿಗೆ ಒದಗುವ ಹೊತ್ತಿಗೆ ದೇಶದ ಬೇರೆ ಕಡೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಕುಲುಮೆಗಳು ಎದ್ದು ನಿಂತಿದ್ದವು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಧರಣಿ ಕುಳಿತರು, ಭದ್ರಾವತಿಯ ಜನ ಅವರೊಡನೆ ನಿಂತರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ, ನಿಂತುಹೋಗಿದ್ದ ಸರಳು ತಯಾರಿಸುವ ಯಂತ್ರಗಳು ಅಲ್ಲಿ ಮತ್ತೆ ತಿರುಗತೊಡಗಿದವು.